ಒಂದೇ ಕಪ್ಪುಕುಳಿಗೆ ಎರಡು ತೂಕ: ಎಂ87ರ ನಡುವಿನಲ್ಲಿ ಅನಿಲದ ಲೆಕ್ಕ ಎಲ್ಲಿ ತಪ್ಪಿತು?

ಕನ್ಯಾ ರಾಶಿಯ ದಿಕ್ಕಿನಲ್ಲಿ, ನಮ್ಮಿಂದ ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎಂ87 ಎಂಬ ದೈತ್ಯ ಗೆಲಾಕ್ಸಿ ಇದೆ. ಅದರ ನಟ್ಟನಡುವೆ ಕೂತಿರುವ ಕಪ್ಪುಕುಳಿ ಎಷ್ಟು ತೂಗುತ್ತದೆ? 2011ರಲ್ಲಿ ಕಾರ್ಲ್ ಗೆಬ್‌ಹಾರ್ಟ್ ಮತ್ತು ಸಂಗಡಿಗರು ಅಲ್ಲಿನ ನಕ್ಷತ್ರಗಳ ವೇಗ ಅಳೆದು, 660 ಕೋಟಿ ಸೂರ್ಯರಷ್ಟು ಎಂದರು. 2013ರಲ್ಲಿ ಜೊನೆಲ್ ವಾಲ್ಶ್ ಮತ್ತು ಸಂಗಡಿಗರು ಅದೇ ಜಾಗದ ಅನಿಲದ ವೇಗ ಅಳೆದು, 350 ಕೋಟಿ ಎಂದರು. ಇಬ್ಬರೂ ಕೊಟ್ಟ ದೋಷಮಿತಿಯನ್ನು ಸೇರಿಸಿಕೊಂಡರೂ ಎರಡು ಅಂಕಿಗಳು ಒಂದನ್ನೊಂದು ಮುಟ್ಟುವುದಿಲ್ಲ. ದೂರದ ಲೆಕ್ಕ ಬೇರೆಯಾಗಿತ್ತು ಎನ್ನುವಂತೆಯೂ ಇಲ್ಲ. ಇಬ್ಬರೂ ಬಳಸಿದ್ದು ಒಂದೇ ದೂರ. ಇಂದು ಒಪ್ಪಿರುವ ತುಸು ಕಡಿಮೆ ದೂರ ಹಾಕಿದರೆ ಎರಡೂ ಶೇ. 6ರಷ್ಟು ಇಳಿಯುತ್ತವೆ, ಜಗಳ ಹಾಗೇ ಉಳಿಯುತ್ತದೆ.

2019ರ ಏಪ್ರಿಲ್ 10ರಂದು ಈವೆಂಟ್ ಹೊರೈಜನ್ ಟೆಲಿಸ್ಕೋಪ್ ಎಂಬ ರೇಡಿಯೋ ದೂರದರ್ಶಕಗಳ ಜಾಲದ ತಂಡ ಆ ಕಪ್ಪುಕುಳಿಯ ಚಿತ್ರ ಬಿಡುಗಡೆ ಮಾಡಿತು. ಉದ್ದಿನ ವಡೆಯಂಥ ಕಿತ್ತಳೆ ಉಂಗುರವನ್ನು ಲೋಕವೆಲ್ಲ ನೋಡಿತು. ಆ ಉಂಗುರದ ಅಗಲದಿಂದ ಬಂದ ತೂಕ 650 ಕೋಟಿ ಸೂರ್ಯ, ಹೆಚ್ಚುಕಡಿಮೆ 70 ಕೋಟಿ. ನಕ್ಷತ್ರಗಳ ಲೆಕ್ಕ ಗೆದ್ದಿತು, ಅನಿಲದ್ದು ಸೋತಿತು ಎಂದು ಅಂದಿನಿಂದ ಹೇಳಿಕೊಂಡು ಬರಲಾಗಿದೆ. ಈ ಮಾತು ಅರ್ಧ ಸರಿ. ಅನಿಲದ ವೇಗ ಅಳೆದದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು, ಆ ಅನಿಲ ಯಾವ ಓರೆಯಲ್ಲಿ, ಯಾವ ರೀತಿಯಲ್ಲಿ ಸುತ್ತುತ್ತಿದೆ ಎಂಬ ಊಹೆಯಲ್ಲಿ. ಅಂಥದ್ದೇ ಊಹೆಗಳು ನಕ್ಷತ್ರಗಳ ಲೆಕ್ಕದೊಳಗೂ ಅಡಗಿವೆ.

ಎಷ್ಟು ಹತ್ತಿರ ನೋಡಬೇಕು

ಯಾವ ವಿಧಾನವಾದರೂ ಮೊದಲು ದಾಟಬೇಕಾದ ಹೊಸ್ತಿಲು ಒಂದೇ. ಗೆಲಾಕ್ಸಿಯ ನಡುವಿನಲ್ಲಿ ಕಪ್ಪುಕುಳಿಯ ಗುರುತ್ವದ್ದೇ ಮೇಲುಗೈ ಇರುವ ಒಂದು ಸಣ್ಣ ವಲಯವಿರುತ್ತದೆ. ಅದರಾಚೆ ನಕ್ಷತ್ರಗಳ ಒಟ್ಟು ತೂಕವೇ ದೊಡ್ಡದಾಗಿ, ಕುಳಿಯ ಸುಳಿವು ಮುಳುಗಿಹೋಗುತ್ತದೆ. ಈ ವಲಯದ ತ್ರಿಜ್ಯ ತಿಳಿಯಲು ಕಪ್ಪುಕುಳಿಯ ದ್ರವ್ಯರಾಶಿಯನ್ನು ಗುರುತ್ವ ಸ್ಥಿರಾಂಕದಿಂದ ಗುಣಿಸಿ, ಸುತ್ತಲಿನ ನಕ್ಷತ್ರಗಳ ವೇಗದ ಹರಡಿನ (ಅವುಗಳ ವೇಗ ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆಯ) ವರ್ಗದಿಂದ ಭಾಗಿಸಬೇಕು. ಎಂ87ರಲ್ಲಿ 650 ಕೋಟಿ ಸೂರ್ಯ, ಸೆಕೆಂಡಿಗೆ 320 ಕಿ.ಮೀ. ಹರಡು ಎಂದು ಹಾಕಿದರೆ ಸುಮಾರು 890 ಜ್ಯೋತಿರ್ವರ್ಷ ಬರುತ್ತದೆ. ನಮ್ಮ ಆಕಾಶದಲ್ಲಿ ಅದು 3.3 ಆರ್ಕ್‌ಸೆಕೆಂಡ್. ಒಂದು ಆರ್ಕ್‌ಸೆಕೆಂಡ್ ಎಂದರೆ ಎರಡು ಸೆಂಟಿಮೀಟರ್ ಅಗಲದ ನಾಣ್ಯವನ್ನು ನಾಲ್ಕು ಕಿಲೋಮೀಟರ್ ಆಚೆಯಿಂದ ನೋಡಿದಷ್ಟು.

ಇದು ಈ ಕ್ಷೇತ್ರದಲ್ಲಿ ಭಾರೀ ಅದೃಷ್ಟ. ನಮ್ಮ ಆಕಾಶಗಂಗೆಯ ನಡುವಿನ ಕಪ್ಪುಕುಳಿ ತೂಗುವುದು 43 ಲಕ್ಷ ಸೂರ್ಯರಷ್ಟು. ಅದನ್ನೇ ಎಂ87ರ ದೂರಕ್ಕೆ ಒಯ್ದಿಟ್ಟರೆ ಅದರ ವಲಯ 0.02 ಆರ್ಕ್‌ಸೆಕೆಂಡಿಗೆ ಕುಗ್ಗಿ, ಹಬಲ್ ಕಣ್ಣಿಗೂ ಒಂದು ಚುಕ್ಕೆಯೊಳಗೆ ಅಡಗಿಬಿಡುತ್ತದೆ. ನಮ್ಮ ಮನೆಯ ಕುಳಿಯನ್ನು ತೂಗಲು ಈ ಸೂತ್ರಗಳ ಗೋಜೇ ಬೇಕಿಲ್ಲ: ಎಸ್2 ಎಂಬ ಒಂಟಿ ನಕ್ಷತ್ರ 16 ವರ್ಷಕ್ಕೊಮ್ಮೆ ಅದನ್ನು ಸುತ್ತುವುದನ್ನು ಇಡಿಯಾಗಿ ನೋಡಿದ್ದಾರೆ, ಆ ಕೆಲಸಕ್ಕೆ ರೈನ್‌ಹಾರ್ಡ್ ಗೆನ್ಜೆಲ್, ಆಂಡ್ರಿಯಾ ಗೆಜ್ ಇಬ್ಬರಿಗೂ 2020ರ ನೊಬೆಲ್‌ನಲ್ಲಿ ಪಾಲು ಬಂತು. ಬೇರೆ ಗೆಲಾಕ್ಸಿಗಳಲ್ಲಿ ಹೀಗೆ ಬಿಡಿ ನಕ್ಷತ್ರ ಕಾಣುವುದಿಲ್ಲ. ಲಕ್ಷಾಂತರ ನಕ್ಷತ್ರಗಳ ಬೆಳಕು ಕಲಸಿಹೋದ ರೋಹಿತವೊಂದೇ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿಯೊಂದೇ, ಕೈಗೆ ಸಿಗುತ್ತದೆ.

ಅನಿಲ: ಸುಲಭ, ಅದಕ್ಕೇ ಅಪಾಯ

ಅನಿಲದ ಆಕರ್ಷಣೆ ಇರುವುದು ಅದರ ಸರಳತೆಯಲ್ಲಿ. ಕಾದ ಅನಿಲ ರೋಹಿತದಲ್ಲಿ ಚೂಪಾದ ಹೊಳಪು ಗೆರೆ ಕೊಡುತ್ತದೆ: ಜಲಜನಕದ ಎಚ್-ಆಲ್ಫಾ 6563 ಆಂಗ್‌ಸ್ಟ್ರಾಂನಲ್ಲಿ (ಇದು ಬೆಳಕಿನ ತರಂಗಾಂತರದ ಅಳತೆ), ಅದರ ಎರಡು ಬದಿಯಲ್ಲಿ ಸಾರಜನಕದ 6548 ಮತ್ತು 6583, ಇನ್ನೊಂದು ತುದಿಯಲ್ಲಿ ಆಮ್ಲಜನಕದ 5007. ಸೆಕೆಂಡಿಗೆ 500 ಕಿ.ಮೀ. ವೇಗದಲ್ಲಿ ಅನಿಲ ನಮ್ಮಿಂದ ದೂರ ಸರಿದರೆ ಎಚ್-ಆಲ್ಫಾ ಸುಮಾರು 11 ಆಂಗ್‌ಸ್ಟ್ರಾಂ ಕೆಂಪು ಕಡೆಗೆ ಜರುಗುತ್ತದೆ. ಅಳೆಯಲು ಅದು ಧಾರಾಳ.

ಹಬಲ್‌ನ ಕನ್ನಡಿಯ ದೋಷ ಸರಿಪಡಿಸಿದ ಮರುವರ್ಷವೇ, 1994ರಲ್ಲಿ, ಹಾಲೆಂಡ್ ಫೋರ್ಡ್ ಮತ್ತು ರಿಚರ್ಡ್ ಹಾರ್ಮ್ಸ್ ಅವರ ತಂಡ ಎಂ87ರ ಕೇಂದ್ರದಲ್ಲಿ ಅನಿಲದ ತಟ್ಟೆಯೊಂದನ್ನು ಕಂಡಿತು. ಕೇಂದ್ರದಿಂದ ಸುಮಾರು 60 ಜ್ಯೋತಿರ್ವರ್ಷದಲ್ಲಿ ಒಂದು ಬದಿ ಸೆಕೆಂಡಿಗೆ 500 ಕಿ.ಮೀ. ವೇಗದಲ್ಲಿ ನಮ್ಮತ್ತ, ಇನ್ನೊಂದು ಬದಿ ಅಷ್ಟೇ ವೇಗದಲ್ಲಿ ಆಚೆಗೆ. ತೂಕ 240 ಕೋಟಿ ಸೂರ್ಯ ಎಂದರು. 1997ರಲ್ಲಿ ಮಾಕೆಟ್ಟೊ ಮತ್ತು ಸಂಗಡಿಗರು ಇನ್ನೂ ಹತ್ತಿರ ಹೋಗಿ 320 ಕೋಟಿ ಎಂದರು. ವಾಲ್ಶ್ ತಂಡದ 350 ಕೋಟಿ ಅದೇ ಸಾಲಿನದು, 0.1 ಆರ್ಕ್‌ಸೆಕೆಂಡಿನ ಸೀಳುಗಂಡಿಗಳನ್ನು (ಬೆಳಕು ಒಳಬಿಡುವ ಕಿರಿದಾದ ಸಂದುಗಳನ್ನು) ಒತ್ತೊತ್ತಾಗಿ ಇಟ್ಟು ಅಳೆದದ್ದು. ಹತ್ತೊಂಬತ್ತು ವರ್ಷ, ಮೂರು ತಂಡ, ಮೂರು ಉಪಕರಣ. ಉತ್ತರ ಸುಮಾರು ಒಂದೇ. ಹೀಗೆ ಒಂದೇ ಉತ್ತರ ಮತ್ತೆಮತ್ತೆ ಬಂದದ್ದೇ ನಂಬಿಕೆ ಹುಟ್ಟಿಸಿತು. ಮೂವರೂ ಒಂದೇ ಊಹೆ ಹೊತ್ತಿದ್ದರೆ ಹಾಗೆ ಹೊಂದುವುದು ಅಚ್ಚರಿಯೇನಲ್ಲ.

ಊಹೆ ಇದು: ಅನಿಲ ತೆಳುವಾದ, ಚಪ್ಪಟೆಯಾದ ತಟ್ಟೆಯಲ್ಲಿದೆ, ಗ್ರಹಗಳು ಸೂರ್ಯನನ್ನು ಸುತ್ತುವಂತೆ ವೃತ್ತಾಕಾರದಲ್ಲಿ ಸುತ್ತುತ್ತಿದೆ, ಗುರುತ್ವ ಬಿಟ್ಟರೆ ಬೇರೆ ಯಾವ ಒತ್ತಡವೂ ಅದನ್ನು ತಳ್ಳುತ್ತಿಲ್ಲ. ಮೂರರಲ್ಲಿ ಯಾವುದು ಸಡಿಲವಾದರೂ ತೂಕ ಬದಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಹೊಡೆತ ಕೊಡುವುದು ತಟ್ಟೆಯ ಓರೆ.

ಲೆಕ್ಕ ಹಾಕಿಯೇ ನೋಡೋಣ. ಕೇಂದ್ರದಿಂದ 65 ಜ್ಯೋತಿರ್ವರ್ಷ ದೂರದಲ್ಲಿ, ಕಪ್ಪುಕುಳಿ 350 ಕೋಟಿ ಸೂರ್ಯರಷ್ಟಿದ್ದರೆ ಅನಿಲ ಸೆಕೆಂಡಿಗೆ ಸುಮಾರು 870 ಕಿ.ಮೀ. ವೇಗದಲ್ಲಿ ಸುತ್ತಬೇಕು. ಕುಳಿ 650 ಕೋಟಿ ಇದ್ದರೆ 1180. ಆದರೆ ನಮಗೆ ಕಾಣುವುದು ನಮ್ಮತ್ತ ಅಥವಾ ಆಚೆಗೆ ಹೋಗುವ ಪಾಲು ಮಾತ್ರ. ತಟ್ಟೆಯನ್ನು ನಾವು ಎಷ್ಟು ಮೇಲಿನಿಂದ ನೋಡುತ್ತಿದ್ದೇವೋ ಆ ಪಾಲು ಅಷ್ಟು ಕಡಿಮೆ. ಓರೆಯ ಕೋನದ ಸೈನ್‌ನಿಂದ ಗುಣಿಸಬೇಕು. ವಾಲ್ಶ್ ತಂಡ ಹಿಡಿದ ಓರೆ 42 ಡಿಗ್ರಿ: 870 ಹೋಗಿ 580 ಆಯಿತು. ಈಗ ತಟ್ಟೆ ನಿಜಕ್ಕೂ 30 ಡಿಗ್ರಿಯಷ್ಟೇ ಓರೆಯಾಗಿದೆ, ಕುಳಿ 650 ಕೋಟಿ ಎಂದಿಟ್ಟುಕೊಳ್ಳಿ: 1180ರ ಅರ್ಧ, 590. ಸೆಕೆಂಡಿಗೆ ಹತ್ತು ಕಿ.ಮೀ. ವ್ಯತ್ಯಾಸ. ಅಷ್ಟು ಹತ್ತಿರದಲ್ಲಿ ಗೆರೆಗಳ ಅಗಲವೇ ನೂರಾರು ಕಿ.ಮೀ. ಇರುವಾಗ ಈ ಹತ್ತನ್ನು ಹಿಡಿಯುವವರು ಯಾರು? ಹನ್ನೆರಡು ಡಿಗ್ರಿ ಓರೆ ತಪ್ಪಿದರೆ ತೂಕ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಅನುಮಾನ ಪಡಲು ಕಾರಣ ಮೊದಲೇ ಇತ್ತು. ಎಂ87ರ ಕೇಂದ್ರದಿಂದ ಚಿಮ್ಮುವ ಪ್ರಸಿದ್ಧ ಜೆಟ್, ಅಂದರೆ ಕಣಗಳ ಧಾರೆ, ನಮ್ಮ ದೃಷ್ಟಿರೇಖೆಗೆ ಸುಮಾರು 17 ಡಿಗ್ರಿಯಲ್ಲಿದೆ. ಒಳಗಿನ ತಟ್ಟೆ ಜೆಟ್‌ಗೆ ಲಂಬವಾಗಿದ್ದರೆ ಅದರ ಓರೆಯೂ ಅಷ್ಟೇ ಆಸುಪಾಸಿನಲ್ಲಿರಬೇಕು, 42 ಅಲ್ಲ. ಅನಿಲ ಜೆಟ್‌ಗೆ ಲಂಬವಾಗಿಯೇ ಇರಬೇಕೆಂಬ ನಿಯಮವೇನೂ ಇಲ್ಲ ಎಂಬುದು ನಿಜ. ಹೊಸದಾಗಿ ಹೊರಗಿನಿಂದ ಬಿದ್ದ ಅನಿಲಕ್ಕೆ ತನ್ನದೇ ದಿಕ್ಕು. ಅಟ್ಲಾಸ್-3ಡಿ ಸಮೀಕ್ಷೆಯಲ್ಲಿ, ಚೆನ್ನಾಗಿ ಸುತ್ತುವ ದೀರ್ಘವೃತ್ತ ಮತ್ತು ಮಸೂರಾಕಾರದ ಗೆಲಾಕ್ಸಿಗಳಲ್ಲಿ ಸುಮಾರು ಮೂರನೇ ಒಂದರಷ್ಟರಲ್ಲಿ ಅನಿಲವೇ ಒಂದು ದಿಕ್ಕು, ನಕ್ಷತ್ರಗಳೇ ಇನ್ನೊಂದು ದಿಕ್ಕು. ಚಿಲಿಯ ವಿಎಲ್‌ಟಿ ದೂರದರ್ಶಕದಲ್ಲಿರುವ ಮ್ಯೂಸ್ ಎಂಬ ರೋಹಿತ ಉಪಕರಣದಿಂದ ಮತ್ತೆ ಅಳೆದವರು 2023ರಲ್ಲಿ ತೋರಿಸಿದ್ದೂ ಇಂಥದ್ದೇ: ಒಳಗಿನ ಅನಿಲ ಸರಳ ತಟ್ಟೆಯಲ್ಲ, ಹೊರಕ್ಕೆ ಹರಿಯುವ ಅನಿಲವೂ ಅದರೊಂದಿಗೆ ಬೆರೆತಿದೆ, ಓರೆಯನ್ನು ಕಡಿಮೆ ಇಟ್ಟುಕೊಂಡರೆ ದೊಡ್ಡ ಕುಳಿಗೂ ಜಾಗವಿದೆ. ಅನಿಲದೊಳಗಿನ ಅಲ್ಲೋಲಕಲ್ಲೋಲವೂ ಒಂದು ಒತ್ತಡವೇ. ಅದು ಗುರುತ್ವಕ್ಕೆ ಎದುರು ನಿಂತು ಆಧಾರ ಕೊಡುವುದರಿಂದ ಅನಿಲ ಸುತ್ತಬೇಕಾದುದಕ್ಕಿಂತ ನಿಧಾನವಾಗಿ ಸುತ್ತುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕುಳಿ ಹಗುರವಾಗಿ ಕಾಣುತ್ತದೆ.

ನಕ್ಷತ್ರಗಳು: ಪ್ರಾಮಾಣಿಕ, ಆದರೆ ಬಾಯಿ ಬಿಡುವುದಿಲ್ಲ

ನಕ್ಷತ್ರಕ್ಕೆ ಗುರುತ್ವ ಬಿಟ್ಟರೆ ಬೇರೆ ಯಾವುದೂ ತಾಗುವುದಿಲ್ಲ. ಜೆಟ್ ಬಡಿದರೂ ಅದರ ದಾರಿ ಬದಲಾಗದು. ತೊಂದರೆ ಏನೆಂದರೆ, ಅದು ಯಾವ ಕಕ್ಷೆಯಲ್ಲಿ ಸುತ್ತುತ್ತಿದೆ ಎಂದು ನಮಗೆ ತಿಳಿಯದು. ಸುತ್ತುಗಟ್ಟಿ ಓಡುವ ನಕ್ಷತ್ರಗಳಿರಬಹುದು, ಕೇಂದ್ರಕ್ಕೆ ನೇರ ಧುಮುಕಿ ಹಿಂದಿರುಗುವವೂ ಇರಬಹುದು. ಧುಮುಕುವವು ಹೆಚ್ಚಿದ್ದರೆ, ಕೇಂದ್ರದ ಬಳಿ ಅವೆಲ್ಲ ನಮ್ಮ ದೃಷ್ಟಿರೇಖೆಯಲ್ಲೇ ವೇಗವಾಗಿ ಓಡಾಡಿ, ಕುಳಿ ಇಲ್ಲದಿದ್ದರೂ ಇದೆ ಎನ್ನುವಷ್ಟು ಹರಡು ತೋರಿಸುತ್ತವೆ. 1978ರಲ್ಲಿ ವಾಲೇಸ್ ಸಾರ್ಜೆಂಟ್, ಪೀಟರ್ ಯಂಗ್ ಮತ್ತು ಸಂಗಡಿಗರು ಎಂ87ರಲ್ಲಿ 500 ಕೋಟಿ ಸೂರ್ಯರಷ್ಟು ದೊಡ್ಡ ಕುಳಿ ಇದೆ ಎಂದಾಗ ಎದ್ದ ಆಕ್ಷೇಪ ಇದೇ; ಕಕ್ಷೆಗಳನ್ನು ಬೇಕಾದ ಹಾಗೆ ಜೋಡಿಸಿದರೆ ಕುಳಿಯೇ ಬೇಡ ಎಂದು 1980ರ ದಶಕದ ಮೊದಲಲ್ಲೇ ತೋರಿಸಿದರು. ಅಂದಿನ ಆ ಒರಟು ಅಂದಾಜು ಇಂದಿನ ಉತ್ತರಕ್ಕೆ ಹಬಲ್ ಯುಗದ ಅನಿಲ ಲೆಕ್ಕಕ್ಕಿಂತ ಹತ್ತಿರವಿತ್ತು. ಅದನ್ನು ಜಾಣ್ಮೆಯ ಗೆಲುವು ಎನ್ನುವುದಕ್ಕಿಂತ ಅದೃಷ್ಟ ಎನ್ನುವುದೇ ಸರಿ.

ಈ ಗೊಂದಲಕ್ಕೆ ಮಾರ್ಟಿನ್ ಶ್ವಾರ್ಜ್‌ಶೀಲ್ಡ್ 1979ರಲ್ಲಿ ಕೊಟ್ಟ ಉಪಾಯವೇ ಇಂದಿಗೂ ಆಧಾರ. ಕುಳಿಗೆ ಒಂದು ತೂಕ, ನಕ್ಷತ್ರಗಳ ಬೆಳಕಿಗೂ ದ್ರವ್ಯಕ್ಕೂ ಒಂದು ಅನುಪಾತ, ಸುತ್ತ ಕಪ್ಪುದ್ರವ್ಯದ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯದ) ಒಂದು ಹೊದಿಕೆ ಎಂದು ಊಹಿಸಿ, ಆ ಗುರುತ್ವದಲ್ಲಿ ಸಾಧ್ಯವಿರುವ ಸಾವಿರಾರು ಕಕ್ಷೆಗಳನ್ನು ಕಂಪ್ಯೂಟರಿನಲ್ಲಿ ಓಡಿಸುತ್ತಾರೆ. ಅವುಗಳಲ್ಲಿ ಯಾವ ಯಾವುದನ್ನು ಎಷ್ಟೆಷ್ಟು ಪಾಲು ಕೂಡಿಸಿದರೆ ಕಂಡ ಬೆಳಕೂ ಕಂಡ ರೋಹಿತವೂ ಹೊಂದುತ್ತವೆ ಎಂದು ಹುಡುಕುತ್ತಾರೆ. ಹೊಂದದಿದ್ದರೆ ತೂಕ ಬದಲಿಸಿ ಮೊದಲಿನಿಂದ. ಅನಿಲದ ಮಾದರಿಗೆ ಬೆರಳೆಣಿಕೆಯ ಅಂಕಿ ಸಾಕು. ಇಲ್ಲಿ ಕಕ್ಷೆಗಳ ಸಂತೆಯೇ ನೆರೆಯುತ್ತದೆ.

ಎಲ್ಲಿ ಎಡವುತ್ತಾರೆ ಎಂಬುದಕ್ಕೆ ಎಂ87 ಒಂದು ಪಾಠ. 2009ರಲ್ಲಿ ಗೆಬ್‌ಹಾರ್ಟ್ ಮತ್ತು ಯೆನ್ಸ್ ಥಾಮಸ್ ಮಾದರಿಗೆ ಕಪ್ಪುದ್ರವ್ಯದ ಹೊದಿಕೆ ಸೇರಿಸಿದಾಗ ಕುಳಿಯ ತೂಕ ಹಿಂದಿನದರ ಎರಡು ಪಟ್ಟಿಗೂ ಮೀರಿ ಏರಿತು. ಲಕ್ಷಗಟ್ಟಲೆ ಜ್ಯೋತಿರ್ವರ್ಷ ಹರಡಿದ ಹೊದಿಕೆ ನಟ್ಟನಡುವಿನ ಕುಳಿಯ ತೂಕಕ್ಕೆ ಹೇಗೆ ಕೈಹಾಕುತ್ತದೆ? ಹೊದಿಕೆ ಬಿಟ್ಟರೆ ಹೊರಗಿನ ನಕ್ಷತ್ರಗಳ ವೇಗವನ್ನು ವಿವರಿಸಲು ನಕ್ಷತ್ರಗಳಿಗೇ ಹೆಚ್ಚು ದ್ರವ್ಯ ಕೊಡಬೇಕಾಗುತ್ತದೆ. ಅದೇ ಅನುಪಾತ ಕೇಂದ್ರಕ್ಕೂ ಅನ್ವಯವಾಗುವುದರಿಂದ ಅಲ್ಲೂ ನಕ್ಷತ್ರಗಳು ಭಾರವಾಗುತ್ತವೆ, ಕುಳಿಯ ಪಾಲಿಗೆ ಉಳಿಯುವುದು ಕಡಿಮೆ. 2011ರ ಅಳತೆ ಜೆಮಿನಿ ದೂರದರ್ಶಕದಲ್ಲಿ, ಗಾಳಿಯ ಅಲುಗಾಟವನ್ನು ಕನ್ನಡಿಯೇ ತಿದ್ದುವ ವ್ಯವಸ್ಥೆಯೊಂದಿಗೆ, ಅವಕೆಂಪಿನಲ್ಲಿ 2.29 ಮೈಕ್ರಾನ್ ಬಳಿಯ ಕಾರ್ಬನ್ ಮಾನಾಕ್ಸೈಡ್ ಪಟ್ಟಿಗಳಿಂದ ಬಂದದ್ದು. ಅಷ್ಟು ಒಳಗೆ ಹೋದರೆ ಇನ್ನೊಂದು ಕಾಟ: ಸಕ್ರಿಯ ಕೇಂದ್ರದ (ಅನಿಲ ನುಂಗುತ್ತಿರುವ ಕುಳಿಯ ಸುತ್ತಲಿನ ಜಾಗದ) ಸ್ವಂತ ಹೊಳಪು ನಕ್ಷತ್ರಗಳ ಹೀರಿಕೆ ಗೆರೆಗಳನ್ನು ನೀರು ಬೆರೆಸಿದ ಹಾಲಿನಂತೆ ತೆಳುವಾಗಿಸುತ್ತದೆ.

ಉಂಗುರ ಕೊಟ್ಟ ತೀರ್ಪು

ಈವೆಂಟ್ ಹೊರೈಜನ್ ಕಂಡ ಉಂಗುರದ ವ್ಯಾಸ 42 ಮೈಕ್ರೋ ಆರ್ಕ್‌ಸೆಕೆಂಡ್. ವ್ಯಾಸವೂ ತೂಕವೂ ನೇರ ಅನುಪಾತದಲ್ಲಿರುವುದರಿಂದ, ಅನಿಲದ ಲೆಕ್ಕ ಸರಿಯಾಗಿದ್ದರೆ ಉಂಗುರ ಸುಮಾರು 22 ಇರಬೇಕಿತ್ತು. ಆ ದೂರದರ್ಶಕ ಜಾಲ ಬಿಡಿಸಿ ನೋಡಬಲ್ಲ ಸೂಕ್ಷ್ಮತೆಯೇ ಸುಮಾರು 20. ಅಂದರೆ ಕುಳಿ 350 ಕೋಟಿಯದಾಗಿದ್ದರೆ ವಡೆಯಲ್ಲಿ ತೂತು ಕಾಣುತ್ತಿರಲಿಲ್ಲ, ಒಂದು ಮಸುಕು ಉಂಡೆ ಸಿಗುತ್ತಿತ್ತು. 2018ರಲ್ಲಿ ಮತ್ತೆ ನೋಡಿದಾಗ ಉಂಗುರದ ಹೊಳೆಯುವ ಭಾಗ ಸುಮಾರು 30 ಡಿಗ್ರಿ ಸರಿದಿತ್ತು, ವ್ಯಾಸ ಮಾತ್ರ ಹಾಗೇ ಇತ್ತು. ಉಂಗುರವನ್ನು ತೂಕವಾಗಿ ಪರಿವರ್ತಿಸಲು ಬಿಸಿ ಪ್ಲಾಸ್ಮಾದ ಕಂಪ್ಯೂಟರ್ ಮಾದರಿಗಳೇ ಬೇಕು, ಹಾಗಾಗಿ ಈ ವಿಧಾನವೂ ಊಹೆಯಿಂದ ಮುಕ್ತವಲ್ಲ. ಆದರೂ 650ಕ್ಕೂ 350ಕ್ಕೂ ಇರುವ ಅಂತರ ಆ ಊಹೆಗಳ ಕೈಗೆ ಮೀರಿದ್ದು.

ಹಾಗಾದರೆ ಅನಿಲವನ್ನು ಬಿಟ್ಟೇಬಿಡಬೇಕೇ? ಇಲ್ಲ. ಬಿಸಿಯಾದ, ಅಯಾನೀಕೃತ ಅನಿಲದ ಬದಲು ತಣ್ಣನೆಯ ಅಣು ಅನಿಲವನ್ನು ಹುಡುಕಬೇಕು. ಅದರಲ್ಲಿ ಅಲ್ಲೋಲಕಲ್ಲೋಲ ತೀರ ಕಡಿಮೆ, ತಟ್ಟೆ ನಿಜಕ್ಕೂ ತೆಳು. ಚಿಲಿಯ ಆಲ್ಮಾ ದೂರದರ್ಶಕ 230.5 ಗಿಗಾಹರ್ಟ್ಜ್‌ನಲ್ಲಿ ಕಾರ್ಬನ್ ಮಾನಾಕ್ಸೈಡಿನ ಗೆರೆ ಹಿಡಿಯುತ್ತದೆ. ಎನ್‌ಜಿಸಿ 1332 ಎಂಬ ಗೆಲಾಕ್ಸಿಯಲ್ಲಿ ನಕ್ಷತ್ರಗಳ ಲೆಕ್ಕ 145 ಕೋಟಿ ಸೂರ್ಯ ಎಂದಿತ್ತು. 2016ರಲ್ಲಿ ಆರನ್ ಬಾರ್ತ್ ತಂಡ ಆಲ್ಮಾದಿಂದ 0.044 ಆರ್ಕ್‌ಸೆಕೆಂಡ್ ಸೂಕ್ಷ್ಮತೆಯಲ್ಲಿ ಅಳೆದು 66 ಕೋಟಿ ಎಂದಿತು. ಇಲ್ಲಿ ಅನಿಲದ ಮಾತನ್ನೇ ಹೆಚ್ಚು ನಂಬಬಹುದು. ಆದರೆ ಅದೇ ತಂಡ ಮೊದಲು ಸುಮಾರು 0.3 ಆರ್ಕ್‌ಸೆಕೆಂಡಿನಲ್ಲಿ ನೋಡಿದಾಗ ಗಟ್ಟಿ ಉತ್ತರ ಸಿಕ್ಕಿರಲಿಲ್ಲ. ತಟ್ಟೆಯನ್ನು ಬಹುತೇಕ ಅಂಚಿನಿಂದ ನೋಡುತ್ತಿದ್ದುದರಿಂದ ವೇಗದ ಅನಿಲ, ನಿಧಾನದ ಅನಿಲ ಎಲ್ಲ ಒಂದೇ ಚುಕ್ಕೆಯಲ್ಲಿ ಕಲಸಿಹೋಗಿದ್ದವು. ಅಣು ಅನಿಲದ ಇನ್ನೊಂದು ತೊಡಕು, ಹಲವು ತಟ್ಟೆಗಳಲ್ಲಿ ನಟ್ಟನಡುವೆ, ಬೇಕಾದ ಜಾಗದಲ್ಲೇ, ಅನಿಲವಿರದ ತೂತು.

ಎಲ್ಲಕ್ಕಿಂತ ಚೊಕ್ಕವಾದ ತಕ್ಕಡಿ ಎನ್‌ಜಿಸಿ 4258ರದ್ದು. ಅಲ್ಲಿ ನೀರಿನ ಅಣುಗಳು 22 ಗಿಗಾಹರ್ಟ್ಜ್‌ನಲ್ಲಿ ಸಹಜ ಮೇಸರ್ (ಮೈಕ್ರೋವೇವ್‌ನ ಲೇಸರ್) ಆಗಿ ಹೊಳೆಯುತ್ತವೆ. 1995ರಲ್ಲಿ ಮಿಯೋಶಿ ಮತ್ತು ಸಂಗಡಿಗರು, ಆ ಚುಕ್ಕೆಗಳು ಕೇಂದ್ರದಿಂದ ಒಂದು ಜ್ಯೋತಿರ್ವರ್ಷದೊಳಗೇ ಕೆಪ್ಲರ್ ನಿಯಮಕ್ಕೆ ಚಾಚೂ ತಪ್ಪದೆ ಸುತ್ತುವುದನ್ನು ತೋರಿಸಿದರು. ಕುಳಿ ಸುಮಾರು 3.8 ಕೋಟಿ ಸೂರ್ಯ. 2009ರಲ್ಲಿ ಅದೇ ಗೆಲಾಕ್ಸಿಯನ್ನು ನಕ್ಷತ್ರಗಳ ವಿಧಾನದಿಂದ ಪರೀಕ್ಷಿಸಿದಾಗ 3.3 ಕೋಟಿ ಬಂತು, ಶೇ. 15ರಷ್ಟು ಕಡಿಮೆ. ನಕ್ಷತ್ರ ವಿಧಾನದ ನಿಜವಾದ ದೋಷಮಿತಿಯನ್ನು ನಾವು ಇಲ್ಲಿಂದ ಓದುತ್ತೇವೆ, ಪ್ರಬಂಧಗಳಲ್ಲಿ ಅಚ್ಚಾಗುವ ಪುಟ್ಟ ಅಂಕಿಗಳಿಂದಲ್ಲ. ಮೇಸರ್ ಕಾಣಬೇಕಾದರೆ ತಟ್ಟೆ ಬಹುತೇಕ ಅಂಚಿನಲ್ಲಿರಬೇಕು, ಅಂಥವು ಅಪರೂಪ.

ಕೈಯಾರೆ ಮಾಡುವವರಿಗೆ

ಮ್ಯೂಸ್‌ನ ದತ್ತಾಂಶ ಯುರೋಪಿಯನ್ ದಕ್ಷಿಣ ವೀಕ್ಷಣಾಲಯದ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತದೆ. ಆಕಾಶದ ಒಂದು ಆರ್ಕ್‌ಮಿನಿಟ್ ಚೌಕ, ಅದರಲ್ಲಿ ಸುಮಾರು 90,000 ರೋಹಿತಗಳು. ಭೌತಶಾಸ್ತ್ರದ ಎಂಎಸ್ಸಿ ವಿದ್ಯಾರ್ಥಿಗೆ ಒಂದು ಲ್ಯಾಪ್‌ಟಾಪ್, ಪೈಥಾನ್, ಮಿಕೇಲೆ ಕಪ್ಪೆಲ್ಲಾರಿ ಬರೆದ ಪಿಪಿಎಕ್ಸ್‌ಎಫ್ ಎಂಬ, ರೋಹಿತ ಹೊಂದಿಸುವ ಉಚಿತ ತಂತ್ರಾಂಶ ಇಷ್ಟಿದ್ದರೆ ಕೆಲಸ ಶುರು ಮಾಡಬಹುದು.

ಮೊದಲು ಮಂದ ಜಾಗಗಳ ರೋಹಿತಗಳನ್ನು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಸಂಕೇತ ಗದ್ದಲದ 40 ಪಟ್ಟಾದರೂ ಇರುವಂತೆ ನೋಡಿಕೊಳ್ಳಿ. ಅದಕ್ಕಿಂತ ಕಡಿಮೆಯಾದರೆ ಸರಾಸರಿ ವೇಗ ಸಿಗಬಹುದು, ಹರಡಿನ ಆಕಾರ ಸಿಗದು. ಆಮೇಲೆ ಅನಿಲದ ಗೆರೆಗಳನ್ನು ಮುಚ್ಚಿ, ಮೈಲ್ಸ್ ಸಂಗ್ರಹದ ನಕ್ಷತ್ರ ರೋಹಿತಗಳನ್ನು ಬೆರೆಸಿ, ಜರುಗಿಸಿ, ಅಗಲಿಸಿ, ಗೆಲಾಕ್ಸಿಯ ರೋಹಿತಕ್ಕೆ ಹೊಂದಿಸಬೇಕು. ಹೊಂದಿದ್ದನ್ನು ಕಳೆದರೆ ಉಳಿಯುವುದು ಅನಿಲ. ಈ ಕಳೆಯುವ ಹಂತ ಬಿಟ್ಟು ನೇರವಾಗಿ ಎಚ್-ಬೀಟಾ ಎಂಬ ಜಲಜನಕದ ಇನ್ನೊಂದು ಗೆರೆ ಅಳೆದರೆ, ನಕ್ಷತ್ರಗಳ ಹೀರಿಕೆ ಗೆರೆ ಅನಿಲದ ಹೊಳಪನ್ನು ಅರ್ಧಕ್ಕರ್ಧ ನುಂಗಿರುತ್ತದೆ.

ಮುಂದಿನ ಗುಂಡಿ ಎಚ್-ಆಲ್ಫಾ. ಅದಕ್ಕೂ 6583ರ ಸಾರಜನಕಕ್ಕೂ ನಡುವೆ 20.6 ಆಂಗ್‌ಸ್ಟ್ರಾಂ, ವೇಗದಲ್ಲಿ ಸುಮಾರು 940 ಕಿ.ಮೀ. ಎಂ87ರ ಕೇಂದ್ರದಲ್ಲಿ ಗೆರೆಗಳು ಎಷ್ಟು ಅಗಲ ಎಂದರೆ ಮೂರೂ ಸೇರಿ ಒಂದೇ ಗುಡ್ಡವಾಗುತ್ತವೆ. ಸಾರಜನಕದ ಎರಡು ಗೆರೆಗಳ ಹೊಳಪಿನ ಅನುಪಾತ 1ಕ್ಕೆ 3 ಎಂದು ಪರಮಾಣು ಭೌತಶಾಸ್ತ್ರವೇ ಕಟ್ಟಿಹಾಕಿದೆ. ಅದನ್ನು ಹೊಂದಿಕೆಯಲ್ಲಿ ಬಿಗಿಯಾಗಿ ಹಿಡಿಯದಿದ್ದರೆ ತಂತ್ರಾಂಶ ಇಲ್ಲದ ಹೊರಹರಿವನ್ನು ಕಂಡುಹಿಡಿದು ಕೊಡುತ್ತದೆ. ಇನ್ನೊಂದು, ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು: ತರಂಗಾಂತರ ಗಾಳಿಯದೋ ನಿರ್ವಾತದ್ದೋ ನೋಡದಿರುವುದು. ಮ್ಯೂಸ್, ಮೈಲ್ಸ್ ಎರಡೂ ಗಾಳಿಯವು. ಸ್ಲೋನ್ ಸಮೀಕ್ಷೆಯದು ನಿರ್ವಾತದ್ದು. ಕಲಸಿದರೆ ಸೆಕೆಂಡಿಗೆ ಸುಮಾರು 83 ಕಿ.ಮೀ. ಸುಳ್ಳು ವೇಗ ಬಂದು ಕೂರುತ್ತದೆ.

ನಮ್ಮಲ್ಲಿರುವ ಉಪಕರಣಗಳಿಂದ ಇದೇ ಕೆಲಸ ಕಷ್ಟ. ಲಡಾಖಿನ ಹಾನ್ಲೆಯಲ್ಲಿರುವ, ಹೊಸಕೋಟೆಯಿಂದಲೇ ನಡೆಸುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕಕ್ಕೆ ಗಾಳಿಯ ಅಲುಗಾಟ ತಿದ್ದುವ ವ್ಯವಸ್ಥೆ ಇಲ್ಲ. ಕೇಂದ್ರ ಸಕ್ರಿಯವೋ ಅಲ್ಲವೋ ಎಂದು ಗೆರೆಗಳ ಅನುಪಾತದಿಂದ ಹೇಳಲು ಅದು ಸಾಕು, ಕುಳಿಯ ತೂಕಕ್ಕಲ್ಲ. ಭಾರತ ಪಾಲುದಾರನಾಗಿರುವ 30 ಮೀಟರ್ ದೂರದರ್ಶಕದ 492 ಕನ್ನಡಿ ತುಣುಕುಗಳಲ್ಲಿ ಒಂದು ಪಾಲನ್ನು ನಯಗೊಳಿಸುವ ಘಟಕವೂ ಹೊಸಕೋಟೆಯಲ್ಲೇ ಇದೆ. ಆ ಯೋಜನೆ ಹವಾಯಿಯ ಜಾಗದ ವಿವಾದದಲ್ಲಿ ಸಿಕ್ಕಿಕೊಂಡಿರುವುದರಿಂದ, 0.02 ಆರ್ಕ್‌ಸೆಕೆಂಡಿನ ಆ ಕಣ್ಣು ಯಾವಾಗ ತೆರೆಯುತ್ತದೋ.

ಇಷ್ಟಾಗಿ ಎಂ87ರ ತೂಕವಾದರೂ ತೀರ್ಮಾನವಾಯಿತೇ ಎಂದರೆ, ನಕ್ಷತ್ರಗಳ ಪಾಳಯದಲ್ಲೇ ಈಗ ಒಡಕು. 2023ರಲ್ಲಿ ಲೀಪೋಲ್ಡ್ ಮತ್ತು ಸಂಗಡಿಗರು, ಗೆಲಾಕ್ಸಿ ಗುಂಡಗಿಲ್ಲ, ಮೂರು ಅಕ್ಷಗಳೂ ಬೇರೆ ಬೇರೆ ಎಂದು ಹಿಡಿದು 537 ಕೋಟಿ ಎಂದರು. ಮರುವರ್ಷ ಸೈಮನ್, ಕಪ್ಪೆಲ್ಲಾರಿ ಮತ್ತು ಹಾರ್ಟ್ಕೆ 870 ಕೋಟಿ ಎಂದರು, ಬೆಳಕು-ದ್ರವ್ಯ ಅನುಪಾತ ಒಳಗೂ ಹೊರಗೂ ಒಂದೇ ಅಲ್ಲ ಎಂಬುದನ್ನು ಲೆಕ್ಕಕ್ಕೆ ತಂದು. ಉಂಗುರದ 650 ಇವೆರಡರ ನಡುವೆ ಬೀಳುತ್ತದೆ. ಹಬಲ್ ಯುಗದಲ್ಲಿ ಬಿಸಿ ಅನಿಲದಿಂದ ತೂಗಿದ ಇನ್ನೂ ಹಲವು ಕುಳಿಗಳು ಇಂದಿಗೂ ಅದೇ ಹಳೆಯ ಅಂಕಿಗಳೊಂದಿಗೆ ಪಟ್ಟಿಗಳಲ್ಲಿವೆ. ಗೆಲಾಕ್ಸಿ ಬೆಳೆದಂತೆ ಕುಳಿಯೂ ಬೆಳೆಯುತ್ತದೆ ಎಂಬ ಸಂಬಂಧದ ಗೆರೆಯನ್ನು ಅವುಗಳ ಮೇಲೂ ಎಳೆದಿದ್ದಾರೆ. ಉಂಗುರದ ಚಿತ್ರ ಇದುವರೆಗೆ ಸಿಕ್ಕಿರುವುದು ಎಂ87ಕ್ಕೆ ಮತ್ತು ನಮ್ಮ ಆಕಾಶಗಂಗೆಗೆ ಮಾತ್ರ. ಉಳಿದವನ್ನು ಆಲ್ಮಾದ ತಣ್ಣನೆಯ ಅನಿಲದಿಂದ ಒಂದೊಂದಾಗಿ ಮತ್ತೆ ತೂಗಬೇಕಾಗಿದೆ, ಅದೂ ಅಂಥ ಅನಿಲ ನಡುವಿನವರೆಗೆ ಉಳಿದಿರುವ ಗೆಲಾಕ್ಸಿಗಳಲ್ಲಿ ಮಾತ್ರ.